ಸಂಬಳದ ಪಟ್ಟಿ ಯಾರ ಕೈಯಲ್ಲಿ? ಒಡೆದ ದೇಶಗಳು ಪುನಃ ಸೈನ್ಯ ಕಟ್ಟುವ ಪಂಚಾತಿಕೆ

ನಮ್ಮ ಬದಿಯಡ್ಕದ ಹುಡುಗ ಒಬ್ಬ ಶಾರ್ಜಾದಲ್ಲಿ ಹೋಟೆಲ್ ಕೆಲಸಕ್ಕಿದ್ದಾನೆ, ಕಳೆದ ಸಲ ರಜೆಗೆ ಬಂದವ ಪೇಟೆಯಲ್ಲಿ ಚಾ ಕುಡೀತಾ ಒಂದು ಸಂಗತಿ ಹೇಳಿದ. ಅವನ ಜೊತೆ ಕಿಚನಲ್ಲಿ ಸಿರಿಯಾದವ ಒಬ್ಬ ಇದ್ದಾನಂತೆ. ಆ ಸಿರಿಯಾದವನ ತಮ್ಮ ಊರಲ್ಲಿ ಯಾವುದೋ ಸಣ್ಣ ಗುಂಪಿನ ಜೊತೆ ವರ್ಷಗಟ್ಟಲೆ ಬಂದೂಕು ಹಿಡಿದು ತಿರುಗಿದವ, ಈಗ ಹೊಸ ಸರಕಾರದ ಸೈನ್ಯಕ್ಕೆ ಹೆಸರು ಕೊಟ್ಟಿದ್ದಾನೆ. ಅಣ್ಣ ದಿನಾ ರಾತ್ರಿ ಡ್ಯೂಟಿ ಮುಗಿಸಿ ಫೋನ್ ಮಾಡ್ತಾನೆ, ಕೇಳುದು ಒಂದೇ ಪ್ರಶ್ನೆ, ಲಿಸ್ಟಲ್ಲಿ ಹೆಸರು ಬಂತಾ ಅಂತ. ಎಲ್ಲಿ ಗಲಾಟೆ ಆಯ್ತು, ಯಾರು ಗೆದ್ರು, ಅದೆಲ್ಲ ಕೇಳುದಿಲ್ಲ. ಲಿಸ್ಟು, ಅಷ್ಟೇ.

ನಂಗೆ ಅದು ತಲೆಯಲ್ಲಿ ಕೂತು ಬಿಟ್ಟಿತು. ನಾವಿಲ್ಲಿ ಟಿವಿ ನೋಡಿ ಯೂಟ್ಯೂಬ್ ನೋಡಿ ಸೈನ್ಯ ಅಂದ್ರೆ ಟ್ಯಾಂಕು, ಡ್ರೋನು, ಫೈಟರ್ ಜೆಟ್ಟು ಅಂತ ಲೆಕ್ಕ ಹಾಕ್ತೇವೆ, ಯಾರ ಹತ್ರ ಎಷ್ಟುಂಟು ಅಂತ ಕಬಡ್ಡಿ ಸ್ಕೋರಿನ ಹಾಗೆ. ಆದ್ರೆ ಒಳಗೊಳಗೇ ಜಗಳ ಮಾಡಿ ಒಡೆದು ಹೋದ ದೇಶದಲ್ಲಿ ಬಂದೂಕಿಗೆ ಎಂತ ಬರಗಾಲ, ಮನೆಮನೆಯಲ್ಲಿ ಉಂಟು. ಹಾಗಿದ್ರೂ ಸಿರಿಯಾ, ಲಿಬಿಯಾ, ಯೆಮೆನ್, ಲೆಬನಾನ್, ಇರಾಕ್ ಎಲ್ಲ ಕಡೆ ಸೈನ್ಯ ಕಟ್ಟುವ ಕೆಲಸ ಅರ್ಧದಲ್ಲೇ ನಿಂತಿದೆ ಯಾಕೆ?

ನಮ್ಮ ಪಕ್ಕದ ಮನೆ ಮಾವ ಮದ್ರಾಸ್ ರೆಜಿಮೆಂಟಲ್ಲಿದ್ದವರು, ಪೆನ್ಶನ್ ಆದ ಮೇಲೆ ಕಣ್ಣೂರಿನ ಡಿಎಸ್‌ಸಿ (ಮಾಜಿ ಸೈನಿಕರನ್ನು ಪುನಃ ಕಾವಲಿಗೆ ತಗೊಳ್ಳುವ ಪಡೆ) ಸೆಂಟರಿಗೆ ಹೋಗಿ ಪುನಃ ಯೂನಿಫಾರ್ಮ್ ಹಾಕಿ ಬಂದವರು. ಅವರ ಹತ್ರ ಈ ಪ್ರಶ್ನೆ ಕೇಳಿದೆ. ಅಡಿಕೆ ಸುಲೀತಾ ಇದ್ದವರು ತಲೆ ಎತ್ತದೆ ಹೇಳಿದ್ರು, "ಪಟ್ಟಾಳ ಅಂದ್ರೆ ಮೂರು ಕಾಗದ ಮಾರಾಯ. ಹೆಸರಿನ ಪಟ್ಟಿ, ಸಂಬಳದ ಪುಸ್ತಕ, ಪೋಸ್ಟಿಂಗ್ ಆರ್ಡರ್. ಈ ಮೂರು ಯಾರ ಕೈಯಲ್ಲುಂಟು ನೋಡು, ಪಟ್ಟಾಳ ಅವಂದು." ನಾನು ಆಮೇಲೆ ಈ ಒಂದೊಂದು ದೇಶದ ಕಥೆ ಓದಿದ ಹಾಗೆಲ್ಲ ಮಾವನ ಮಾತೇ ಎದುರು ಬರ್ತಾ ಇತ್ತು.

ಇರಾಕಿಂದ ಶುರು ಮಾಡುವ, ಯಾಕಂದ್ರೆ ಈಗಿನ ಎಲ್ಲರೂ ಹೆದರುದು ಇರಾಕ್ ಹಾಗೆ ಆದ್ರೆ ಅಂತ. 2003 ಮೇ 23ಕ್ಕೆ ಅಮೆರಿಕದ ಆಡಳಿತಾಧಿಕಾರಿ ಪೌಲ್ ಬ್ರೆಮರ್ ಒಂದು ಆರ್ಡರ್ ಹಾಕಿ ಸದ್ದಾಮನ ಸೈನ್ಯವನ್ನು ಪೂರ್ತಿ ರದ್ದು ಮಾಡಿದ. ಲಕ್ಷಗಟ್ಟಲೆ ಜನ, ಕೈಯಲ್ಲಿ ಬಂದೂಕು ಹಿಡಿದು ಗೊತ್ತಿದ್ದವರು, ಒಂದೇ ದಿನದಲ್ಲಿ ಬೀದಿಗೆ. ಸದ್ದಾಮನ ಸೈನ್ಯ ಒಳ್ಳೇದಿತ್ತು ಅಂತ ಹೇಳ್ತಾ ಇಲ್ಲ, ಉತ್ತರದ ಅಲ್ಪಸಂಖ್ಯಾತ ಕುರ್ದರನ್ನು ಕೇಳಿದ್ರೆ ಅವರು ಬೇರೆಯೇ ಕಥೆ ಹೇಳಿಯಾರು. ಆದ್ರೆ ಹೆಸರಿನ ಪಟ್ಟಿ ಹರಿದು ಬಿಸಾಡಿದ ಮೇಲೆ ಆ ಮನುಷ್ಯ ಎಲ್ಲಿ ಹೋದ, ಯಾರ ಹತ್ರ ಸಂಬಳ ತಗೊಳ್ತಾ ಇದ್ದಾನೆ ಅಂತ ಸರಕಾರಕ್ಕೆ ಗೊತ್ತಾಗುದು ಹೇಗೆ? ಪಟ್ಟಿ ಹರಿದದ್ದಕ್ಕೆ ಮನುಷ್ಯ ಮಾಯ ಆಗುದಿಲ್ಲ. ಮುಂದೆ ಐಸಿಸ್‌ನ ಒಳಗಿನ ವ್ಯವಸ್ಥೆ ಕಟ್ಟಿದ ಹಾಜಿ ಬಕ್ರ್ ಅನ್ನುವವ ಅದೇ ಹಳೇ ಸೈನ್ಯದ ಕರ್ನಲ್ ಆಗಿದ್ದವ.

ಆಮೇಲೆ ಅಮೆರಿಕ ಕೋಟಿಗಟ್ಟಲೆ ಡಾಲರ್ ಸುರಿದು ಹೊಸ ಸೈನ್ಯ ಕಟ್ಟಿತು, ಹಂವಿ ಗಾಡಿ, ಅಬ್ರಾಮ್ಸ್ ಟ್ಯಾಂಕ್, ಟ್ರೈನಿಂಗ್, ಎಲ್ಲ ಗಮ್ಮತ್ತು. 2014 ಜೂನ್ 10ಕ್ಕೆ ಮೊಸುಲ್ ಪಟ್ಟಣ ಬಿತ್ತು. ಕಾಗದದಲ್ಲಿ ಹತ್ತಾರು ಸಾವಿರ ಸೈನಿಕರು, ಎದುರು ಬಂದ ಐಸಿಸ್‌ನವರು ಅದಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಸೈನಿಕರು ಯೂನಿಫಾರ್ಮ್ ಬಿಚ್ಚಿ ಹಾಕಿ ಓಡಿದ್ರು ಅಂತ ಎಲ್ಲ ಪತ್ರಿಕೆಯಲ್ಲೂ ಬಂತು, ಆದ್ರೆ ಅದಕ್ಕಿಂತ ದೊಡ್ಡ ಸುದ್ದಿ ಬಂದದ್ದು ಆ ವರ್ಷದ ಕೊನೆಗೆ. ಹೊಸ ಪ್ರಧಾನಿ ಹೈದರ್ ಅಲ್ ಅಬಾದಿ ಲೆಕ್ಕ ತೆಗೆಸಿ ನೋಡಿದ್ರೆ ಬರೀ ನಾಲ್ಕು ಡಿವಿಷನಲ್ಲಿ (ಕೆಲವು ಬಟಾಲಿಯನ್ ಸೇರಿ ಬ್ರಿಗೇಡ್, ಕೆಲವು ಬ್ರಿಗೇಡ್ ಸೇರಿ ಡಿವಿಷನ್) 50,000 ಸೈನಿಕರು ಇಲ್ಲವೇ ಇಲ್ಲ! ಹೆಸರುಂಟು, ಸಂಬಳ ಹೋಗ್ತದೆ, ಮನುಷ್ಯ ಇಲ್ಲ. ಕೆಲವರು ಸತ್ತವರು, ಕೆಲವರು ಹುಟ್ಟಲೇ ಇಲ್ಲದವರು, ಇನ್ನು ಕೆಲವರು ಅರ್ಧ ಸಂಬಳ ಆಫೀಸರಿಗೆ ಕೊಟ್ಟು ಮನೆಯಲ್ಲಿ ಅಂಗಡಿ ನೋಡಿಕೊಂಡಿದ್ದವರು. ಇರಾಕಿನವರು ಅಂಥವರನ್ನು ಬಾಹ್ಯಾಕಾಶದವರು ಅಂತ ಕರೀತಿದ್ರು, ಭೂಮಿಯಲ್ಲಿ ಎಲ್ಲೂ ಕಾಣಸಿಗುದಿಲ್ಲ ಅಲ್ವಾ.

ಇದನ್ನು ಬರೀ ಲಂಚದ ಕಥೆ ಅಂತ ಓದಿ ಬಿಟ್ಟುಬಿಡ್ಬೇಡಿ. ಯುದ್ಧತಂತ್ರ ಪೂರ್ತಿ ನಿಂತಿರುದು ಈ ಲೆಕ್ಕದ ಮೇಲೆ. ಜನರಲ್ ಮ್ಯಾಪ್ ನೋಡಿ ಇಲ್ಲಿ ಒಂದು ಬಟಾಲಿಯನ್ ಉಂಟು, ಸೇತುವೆ ಹಿಡಿದುಕೊಳ್ತದೆ, ಬಲಗಡೆ ಇನ್ನೊಂದು ಉಂಟು, ಆದ್ರಿಂದ ನಾನು ರಿಸರ್ವ್ ಆ ಕಡೆ ಕಳಿಸ್ಬಹುದು ಅಂತ ಪ್ಲಾನ್ ಹಾಕ್ತಾನೆ, ಅಲ್ಲಿ ನೋಡಿದ್ರೆ 600 ಜನ ಇರ್ಬೇಕಾದ ಜಾಗದಲ್ಲಿ 150 ಜನ, ಅವರಿಗೂ ಊಟ ಬಂದಿಲ್ಲ, ಪಕ್ಕದ ಯೂನಿಟ್ ಓಡ್ತಾ ಉಂಟಾ ನಿಂತುಂಟಾ ಗೊತ್ತಿಲ್ಲ. ಅಂಥ ಸೈನಿಕ ಓಡುದು ಹೇಡಿತನ ಅಂತ ನಂಗೆ ಅನ್ನಿಸುದಿಲ್ಲ, ಅವನಿಗೆ ಲೆಕ್ಕ ಗೊತ್ತುಂಟು ಅಷ್ಟೇ. ಅಫ್ಘಾನಿಸ್ತಾನದಲ್ಲೂ ಇದೇ, 2021 ಆಗಸ್ಟ್ 15ಕ್ಕೆ ಕಾಬೂಲ್ ಬೀಳುವಾಗ ಸೈನ್ಯ ಪೊಲೀಸು ಸೇರಿ 3 ಲಕ್ಷ ಅಂತ ಕಾಗದದಲ್ಲಿತ್ತು.

ಇದಕ್ಕೆ ಮದ್ದು ಉಂಟಾ ಅಂದ್ರೆ ಸ್ವಲ್ಪ ಉಂಟು, ಅದನ್ನು ಕಂಡದ್ದು ಕಾಂಗೋದಲ್ಲಿ. ಅಲ್ಲಿ ಯುದ್ಧ ನಿಂತ ಮೇಲೆ ಬೇರೆ ಬೇರೆ ಪಾರ್ಟಿಯ ಹೋರಾಟಗಾರರನ್ನು ಕಲಸಿ ಹೊಸ ಬ್ರಿಗೇಡ್ ಮಾಡಿದ್ರು, ಸಂಬಳ ಮಾತ್ರ ನೋಟಿನ ಕಟ್ಟು ರೂಪದಲ್ಲಿ ಮೇಲಿನ ಕಮಾಂಡರ್ ಕೈಗೆ ಹೋಗಿ ಅಲ್ಲಿಂದ ಇಳೀತಾ ಇಳೀತಾ ಕೆಳಗೆ ಬರುವಾಗ ಚಿಲ್ಲರೆ. 2005ರಿಂದ ಯುರೋಪಿಯನ್ ಯೂನಿಯನ್‌ನ ಒಂದು ಟೀಮ್ ಹೋಗಿ ಮಾಡಿದ ಮುಖ್ಯ ಕೆಲಸ ಅಂದ್ರೆ ಆರ್ಡರ್ ಕೊಡುವ ದಾರಿ ಬೇರೆ, ದುಡ್ಡು ಹೋಗುವ ದಾರಿ ಬೇರೆ ಮಾಡಿದ್ದು. ತಲೆ ಎಣಿಕೆ ಮಾಡಿ, ಫೋಟೋ ಬೆರಳಚ್ಚು ತಗೊಂಡು ಐಡಿ ಕಾರ್ಡ್ ಕೊಟ್ರು. ಕಾಂಗೋದ ಸೈನ್ಯ ಅದರಿಂದ ಸರಿ ಆಗಿ ಹೋಯ್ತು ಅಂತಲ್ಲ, ಪೂರ್ವದಲ್ಲಿ ಈಗ್ಲೂ ಲಗಾಡಿ ಎದ್ದು ಹೋಗಿದೆ. ಆದ್ರೆ ಸೈನಿಕನ ಹೊಟ್ಟೆ ಕಮಾಂಡರನ ಕೈಯಿಂದ ಬಿಡಿಸ್ಬೇಕು ಅನ್ನುವ ಐಡಿಯಾ ಅಲ್ಲಿಂದ ಬೇರೆ ಕಡೆಗೂ ಹೋಯ್ತು.

ಈಗ ಸಿರಿಯಾ. 2024 ಡಿಸೆಂಬರ್ 8ಕ್ಕೆ ಅಧ್ಯಕ್ಷ ಅಸದ್ ದೇಶ ಬಿಟ್ಟು ಓಡಿದ, ಅವನ ಸೈನ್ಯ ಹನ್ನೊಂದು ಹನ್ನೆರಡು ದಿನದಲ್ಲಿ ಕರಗಿ ಹೋಗಿತ್ತು. 2025 ಜನವರಿ 29ಕ್ಕೆ ಗೆದ್ದ ಗುಂಪುಗಳ ಕಮಾಂಡರುಗಳೆಲ್ಲ ದಮಾಸ್ಕಸಲ್ಲಿ ಸೇರಿ ಅಹ್ಮದ್ ಅಲ್ ಶರಾನನ್ನು ಅಧ್ಯಕ್ಷ ಮಾಡಿದ್ರು, ಹಳೇ ಸೈನ್ಯ ರದ್ದು ಅಂತ ಹೇಳಿದ್ರು, ತಮ್ಮ ಗುಂಪುಗಳೂ ರದ್ದು, ಇನ್ನು ಮುಂದೆ ಎಲ್ಲ ರಕ್ಷಣಾ ಇಲಾಖೆಯ ಕೆಳಗೆ ಅಂತ್ಲೂ ಹೇಳಿದ್ರು. ಕೇಳ್ಲಿಕ್ಕೆ ಭಾರೀ ಚೆಂದ.

ಇಲ್ಲಿ ನಮ್ಮ ಯಕ್ಷಗಾನ ಆಟದ ವಿಷಯ ಸ್ವಲ್ಪ ತರ್ಬೇಕು. ಕುಂಬಳೆ ಸೀಮೆಯವರಿಗೆ ಜೋಡಾಟ ಯಾವುದು ಕೂಡಾಟ ಯಾವುದು ಅಂತ ಹೇಳಿ ಕೊಡ್ಬೇಕಾಗಿಲ್ಲ. ಜೋಡಾಟ ಅಂದ್ರೆ ಎರಡು ಮೇಳ, ಪಕ್ಕಪಕ್ಕ ಎರಡು ರಂಗಸ್ಥಳ, ಇವರ ಚೆಂಡೆ ಜೋರಾ ಅವರದ್ದು ಜೋರಾ ಅಂತ ಬೆಳಗಿನವರೆಗೆ ಪೈಪೋಟಿ. ಕೂಡಾಟದಲ್ಲಿ ರಂಗಸ್ಥಳ ಒಂದೇ, ಎರಡು ಮೇಳದ ವೇಷಗಳು ಒಟ್ಟಿಗೆ, ಈ ಮೇಳದ ಅರ್ಜುನನಿಗೆ ಆ ಮೇಳದ ಕೃಷ್ಣ. ನೋಡುವವನಿಗೆ ಒಂದೇ ಮೇಳ ಅನ್ನಿಸ್ತದೆ. ಆದ್ರೆ ಮಂಗಳ ಪದ ಆಗಿ ಬಣ್ಣ ತೆಗೆದ ಮೇಲೆ ಆ ಅರ್ಜುನ ಹತ್ತುದು ತನ್ನ ಮೇಳದ ಬಸ್ಸು, ಅವನಿಗೆ ಸಂಬಳ ಕೊಡುದು ತನ್ನ ಯಜಮಾನ.

ಸಿರಿಯಾದ ಹೊಸ ಡಿವಿಷನುಗಳು ಮೊದಲ ವರ್ಷ ಹೆಚ್ಚುಕಡಿಮೆ ಇಂಥ ಕೂಡಾಟ. ನಿನ್ನೆಯವರೆಗೆ ಒಂದು ಹೆಸರಲ್ಲಿದ್ದ ಗುಂಪಿಗೆ ಇವತ್ತು ಇಂತಿಷ್ಟನೇ ಡಿವಿಷನ್ ಅಂತ ನಂಬರ್ ಬಂತು, ಹಲವು ಕಡೆ ಕಮಾಂಡರ್ ಅವನೇ, ಊರು ಅದೇ, ಹುಡುಗರು ಅವರೇ. ಇದರ ಬೆಲೆ ಗೊತ್ತಾಗ್ಲಿಕ್ಕೆ ಜಾಸ್ತಿ ದಿನ ಬೇಕಾಗ್ಲಿಲ್ಲ. 2025ರ ಮಾರ್ಚಲ್ಲಿ ಸಮುದ್ರದ ಬದಿಯ ಅಲವೀ (ಅಸದ್‌ನದ್ದೇ ಪಂಗಡ) ಊರುಗಳಲ್ಲಿ ಹಳೇ ಸರಕಾರದ ಕಡೆಯವರು ಹೊಸ ಪಡೆಗಳ ಮೇಲೆ ದಾಳಿ ಮಾಡಿದ್ರು, ಅದಕ್ಕೆ ಸೇಡು ಅಂತ ಎಲ್ಲ ಕಡೆಯಿಂದ ಬಂದೂಕು ಹಿಡಿದವರು ಆ ಊರುಗಳಿಗೆ ನುಗ್ಗಿದ್ರು, ಸರಕಾರವೇ ಮಾಡಿದ ತನಿಖಾ ಸಮಿತಿ 1,426 ಜನ ಸತ್ತದ್ದು ಅಂತ ಲೆಕ್ಕ ಕೊಟ್ಟಿತು, ಹೆಚ್ಚಿನವರು ಮಾಮೂಲಿ ಜನ. ಮೇಲಿಂದ ನಿಲ್ಲಿಸಿ ಅಂತ ಆರ್ಡರ್ ಬಂದ್ರೂ ಕೆಳಗೆ ಕೇಳುವವ ಯಾರು? ಅವನಿಗೆ ಗೊತ್ತಿರುದು ತನ್ನ ಕಮಾಂಡರ್ ಒಬ್ಬನೇ. ಜುಲೈಯಲ್ಲಿ ದಕ್ಷಿಣದ ಸುವೈದಾದಲ್ಲಿ ದ್ರೂಜ್ ಅನ್ನುವ ಅಲ್ಪಸಂಖ್ಯಾತ ಪಂಗಡದ ಜನರ ಜೊತೆ ಪುನಃ ರಕ್ತಪಾತ. ಒಮ್ಮೆ ಹಾಗಾದ ಮೇಲೆ ಅಲವೀ ಹುಡುಗನೋ ದ್ರೂಜ್ ಹುಡುಗನೋ ಆ ಸೈನ್ಯಕ್ಕೆ ಹೆಸರು ಕೊಡ್ಲಿಕ್ಕೆ ಹೋಗ್ತಾನಾ, ನೀವೇ ಹೇಳಿ.

ವಿದೇಶದಿಂದ ಬಂದು ಹೋರಾಡಿದವರದ್ದು ಮತ್ತೊಂದು ತಲೆನೋವು. ಸುಮಾರು 3,500 ಜನ, ಹೆಚ್ಚಿನವರು ಚೀನಾದ ಕಡೆಯ ಉಯಿಘರರು, ಅವರನ್ನು 84ನೇ ಡಿವಿಷನ್ ಅಂತ ಮಾಡಿ ಒಳಗೆ ಹಾಕಿಕೊಳ್ಳುವ ಪ್ಲಾನಿಗೆ 2025 ಜೂನಲ್ಲಿ ಅಮೆರಿಕ ಕೂಡ ತಲೆ ಆಡಿಸಿತು. ಹೊರಗೆ ಬಿಟ್ರೆ ಯಾರ ಜೊತೆ ಸೇರ್ತಾರೋ ಗೊತ್ತಿಲ್ಲ, ಒಳಗಿಟ್ರೆ ಕಡೇಪಕ್ಷ ಪಟ್ಟಿಯಲ್ಲಿ ಹೆಸರು ಇರ್ತದೆ ಅನ್ನುವ ಲೆಕ್ಕ. ಇರಾಕಿನ ಪಾಠ ಕಲಿತದ್ದು ಅಂತ ಹೇಳ್ಬಹುದು, ಸರಿಯಾ ತಪ್ಪಾ ಕಾಲ ಹೇಳ್ಬೇಕು.

ಮುಖ್ಯ ಜಗಳ ಮಾತ್ರ ಈಶಾನ್ಯದ ಎಸ್‌ಡಿಎಫ್ ಜೊತೆ, ಕುರ್ದರ ಮುಂದಾಳತ್ವದ, ಅಮೆರಿಕದ ಜೊತೆ ಸೇರಿ ಐಸಿಸ್ ಹೊಡೆದ ಪಡೆ. 2025 ಮಾರ್ಚ್ 10ಕ್ಕೆ ಶರಾ ಮತ್ತು ಎಸ್‌ಡಿಎಫ್‌ನ ಮುಖ್ಯಸ್ಥ ಮಜ್ಲೂಂ ಅಬ್ದಿ ಒಪ್ಪಂದಕ್ಕೆ ಸೈನ್ ಹಾಕಿದ್ರು, ವರ್ಷದ ಕೊನೆಯೊಳಗೆ ಎಲ್ಲ ಸೇರಿಸುದು ಅಂತ. ಸೈನ್ ಆದ ಮರುದಿನವೇ ಎಳೆದಾಟ. ಕುರ್ದರು ನಾವು ಒಟ್ಟಿಗೆ ಒಂದು ಬ್ಲಾಕ್ ಆಗಿ ಬರ್ತೇವೆ ಅಂತ, ದಮಾಸ್ಕಸಿನವರು ಬ್ಲಾಕ್ ಗಿಲಾಕ್ ಬೇಡ, ಒಬ್ಬೊಬ್ಬರಾಗಿ ಬಂದು ಹೆಸರು ಬರೆಸಿ ಅಂತ. ಹೊರಗಿಂದ ನೋಡುವವನಿಗೆ ಇದು ಸಣ್ಣ ವಿಷಯ. ಆದ್ರೆ ಎಲ್ಲ ಇರುದು ಇದರಲ್ಲೇ. ಬ್ಲಾಕ್ ಆಗಿ ಬಂದ್ರೆ ನಾಳೆ ಮನಸ್ತಾಪ ಆದಾಗ ಬ್ಲಾಕ್ ಆಗಿಯೇ ಎದ್ದು ಹೋಗ್ಬಹುದು, ಹಾಗಾಗಿ ಸರಕಾರಕ್ಕೆ ಹೆದರಿಕೆ. ಒಬ್ಬೊಬ್ಬನಾಗಿ ಹೋದ್ರೆ, ಮಾರ್ಚಲ್ಲಿ ಆದದ್ದು ನೋಡಿದ ಕುರ್ದ ಹುಡುಗ ತನ್ನವರು ಒಬ್ಬರೂ ಇಲ್ಲದ ಬ್ಯಾರಕಲ್ಲಿ ರಾತ್ರಿ ನಿದ್ದೆ ಮಾಡುದು ಹೇಗೆ? ಎರಡು ಹೆದರಿಕೆಯೂ ನ್ಯಾಯವೇ. ಕೊನೆಗೆ ಮಾತಿಂದ ಆಗ್ಲಿಲ್ಲ, 2026 ಜನವರಿಯಲ್ಲಿ ಯುದ್ಧವೇ ಆಗಿ ಎಸ್‌ಡಿಎಫ್ ರಕ್ಕಾ, ದೇರ್ ಅಜ್ಜೋರ್ ಎಲ್ಲ ಕಳಕೊಂಡಿತು, ಜನವರಿ 30ರ ಒಪ್ಪಂದದಲ್ಲಿ ಎಸ್‌ಡಿಎಫ್‌ನವರದ್ದೇ ಮೂರು ಬ್ರಿಗೇಡ್ ಇರುವ ಒಂದು ಡಿವಿಷನ್, ಕುರ್ದರ ಪಟ್ಟಣ ಕೊಬಾನಿಗೆ ಬೇರೆ ಒಂದು ಬ್ರಿಗೇಡ್ ಅಂತ ತೀರ್ಮಾನ ಆಯ್ತು. ಅಂದ್ರೆ ಬ್ಲಾಕನ್ನೇ ತುಂಡು ಮಾಡಿ ಸಣ್ಣ ಬ್ಲಾಕು ಮಾಡಿದ್ದು. ಇಷ್ಟಕ್ಕೆ ಅಷ್ಟು ಜನ ಸಾಯ್ಬೇಕಿತ್ತಾ ಅಂತ ನಂಗೆ ಅನ್ನಿಸ್ತದೆ, ಆದ್ರೆ ಇಲ್ಲಿ ಕೂತು ಹೇಳುದು ಸುಲಭ.

ಬ್ಲಾಕಾ ಒಬ್ಬೊಬ್ಬರಾ ಅನ್ನುವ ಪ್ರಶ್ನೆ ನಮ್ಮ ದೇಶಕ್ಕೂ ಹೊಸತಲ್ಲ. 1857ರ ದಂಗೆ ಆದ ಮೇಲೆ ಬ್ರಿಟಿಷರು ನಮ್ಮ ಸೈನ್ಯವನ್ನು ಕಲಸಿದ್ದು ಒಗ್ಗಟ್ಟಾಗ್ಲಿ ಅಂತಲ್ಲ, ಒಗ್ಗಟ್ಟಾಗದ ಹಾಗೆ: ಒಂದೇ ರೆಜಿಮೆಂಟಲ್ಲಿ ಒಂದು ಕಂಪೆನಿ ಈ ಜಾತಿ, ಇನ್ನೊಂದು ಕಂಪೆನಿ ಆ ಮತ, ಒಬ್ಬ ಎದ್ರೆ ಇನ್ನೊಬ್ಬ ಹೊಡೀತಾನೆ ಅಂತ. 1947ರಲ್ಲಿ ದೇಶ ಪಾಲಾಗುವಾಗ ಆ ಕಂಪೆನಿಗಳನ್ನೇ ಲೆಕ್ಕ ಹಾಕಿ ಇಷ್ಟು ನಿಮಗೆ ಇಷ್ಟು ನಮಗೆ ಅಂತ ಹೆಚ್ಚುಕಡಿಮೆ ಎರಡಕ್ಕೆ ಒಂದರ ಹಾಗೆ ಪಾಲುಪಟ್ಟಿ ಮಾಡಿದ್ರು, ತರವಾಡು ಮನೆಯಲ್ಲಿ ಉರುಳಿ ಚೆಂಬು ಪಾಲು ಮಾಡಿದ ಹಾಗೆ ಸೈನ್ಯದ ಸಾಮಾನಿಗೂ ಪಾಲು. ಆ ಪಾಲು ಮಾಡುವ ಕಮಿಟಿಯ ಕೆಲಸದಲ್ಲಿ ಇದ್ದವರು ನಮ್ಮ ಪಕ್ಕದ ಕೊಡಗಿನ ಕಾರ್ಯಪ್ಪ. ಅದನ್ನು ಕಣ್ಣಾರೆ ನೋಡಿದ್ದಕ್ಕೋ ಎಂತದೋ, 1949 ಜನವರಿ 15ಕ್ಕೆ ಅವರು ಮೊದಲ ಭಾರತೀಯ ಕಮಾಂಡರ್ ಇನ್ ಚೀಫ್ ಆದ ವರ್ಷವೇ ಬ್ರಿಗೇಡ್ ಆಫ್ ದ ಗಾರ್ಡ್ಸ್ ಅಂತ ಎಲ್ಲ ಜಾತಿ ಮತ ಪ್ರಾಂತ್ಯದವರು ಒಟ್ಟಿಗೆ ಇರುವ ರೆಜಿಮೆಂಟ್ ಕಟ್ಟಿದ್ರು. ಆದ್ರೆ ಗಮನಿಸಿ, ಉಳಿದ ಸಿಖ್, ಜಾಟ್, ಮರಾಠ, ಡೋಗ್ರಾ ರೆಜಿಮೆಂಟುಗಳನ್ನು ಒಡೀಲಿಕ್ಕೆ ಹೋಗ್ಲಿಲ್ಲ. ಹಳೇದು ಹಾಗೇ ಇರ್ಲಿ, ಹೊಸತು ಬೇರೆ ರೀತಿ ಇರ್ಲಿ, ಸಂಬಳ ಪ್ರಮೋಶನ್ ಪೋಸ್ಟಿಂಗ್ ಮಾತ್ರ ದೆಹಲಿ ನೋಡಿಕೊಳ್ಳಿ. ಮಾವನಿಗೆ ಇದು ಹೇಳಿದಾಗ "ಅದೇ ಅಲ್ವಾ ನಾನು ಹೇಳಿದ್ದು" ಅಂತ ಅಡಿಕೆ ಸುಲೀತಾ ಕೂತ್ರು.

ಬೋಸ್ನಿಯಾದವರೂ ಇದೇ ದಾರಿ ಹಿಡಿದ್ರು. ಮೂರೂವರೆ ವರ್ಷ ಒಬ್ಬರನ್ನೊಬ್ಬರು ಕೊಂದ ಮೂರು ಸೈನ್ಯ, ಯುದ್ಧ 1995ರಲ್ಲಿ ನಿಂತಿತು, ಒಂದೇ ರಕ್ಷಣಾ ಇಲಾಖೆ ಆಗ್ಲಿಕ್ಕೆ 2006 ಜನವರಿ 1 ಬೇಕಾಯ್ತು, ಹತ್ತು ವರ್ಷ! ಮೂರು ರೆಜಿಮೆಂಟ್ ಹೆಸರು, ಬ್ಯಾಡ್ಜ್, ಪರಂಪರೆ ಬೇರೆ ಬೇರೆ ಇಟ್ಟರು, ಆದ್ರೆ ಪ್ರತಿ ಇನ್‌ಫಾಂಟ್ರಿ ಬ್ರಿಗೇಡಲ್ಲೂ ಮೂವರದ್ದೂ ಒಂದೊಂದು ಬಟಾಲಿಯನ್. ನ್ಯಾಟೋ ಹತ್ರ ಹೋಗ್ಬೇಕಾದ್ರೆ ಒಂದೇ ಸೈನ್ಯ ಬೇಕು ಅನ್ನುವ ಆಸೆ ಎದುರಿತ್ತು, ಹೊರಗಿನವರ ಹಣ ಇತ್ತು, ಸೈನ್ಯವೂ ಸಣ್ಣದು, ಸುಮಾರು 10,000. ರಾಜಕಾರಣಿಗಳು ಅಲ್ಲಿ ಈಗ್ಲೂ ಪಿರಿಪಿರಿ ಮಾಡ್ತಾರೆ, ಸೈನ್ಯ ಮಾತ್ರ ಒಡೆದಿಲ್ಲ.

ಭಾಷೆ ವಿಷಯ ನಮ್ಮವರಿಗೆ ಬೇಗ ಅರ್ಥ ಆಗ್ತದೆ. 1956 ನವೆಂಬರ್ 1ರ ನಂತರ ಕಾಸರಗೋಡಿನ ಕನ್ನಡಿಗ ಆಫೀಸಿಗೆ ಹೋಗಿ ಮಲಯಾಳದ ಫಾರ್ಮ್ ಹಿಡಿದು ಪಕ್ಕದವನ ಮುಖ ನೋಡಿದ ಅನುಭವ ಇಲ್ಲದ ಮನೆ ಇಲ್ಲಿ ಕಡಿಮೆ. ಅದು ಬರೀ ಫಾರ್ಮು, ಜೀವ ಹೋಗುದಿಲ್ಲ. ಸೈನ್ಯದಲ್ಲಿ ಆರ್ಡರ್ ಅರ್ಥ ಆಗದಿದ್ರೆ ಜೀವ ಹೋಗ್ತದೆ. ದಕ್ಷಿಣ ಆಫ್ರಿಕಾದಲ್ಲಿ 1994ರಲ್ಲಿ ಬಿಳಿಯರ ಸರಕಾರದ ಸೈನ್ಯ, ಅವರ ವಿರುದ್ಧ ಹೋರಾಡಿದ ಮಂಡೇಲಾ ಪಾರ್ಟಿಯ ಎಂಕೆ, ಇನ್ನೊಂದು ಪಾರ್ಟಿಯ ಆಪ್ಲಾ, ಮತ್ತೆ ಕರಿಯರಿಗೆ ಅಂತ ಬೇರೆ ಮಾಡಿಟ್ಟಿದ್ದ ನಾಲ್ಕು ಹೋಮ್‌ಲ್ಯಾಂಡುಗಳ ಸಣ್ಣ ಸೈನ್ಯ, ಒಟ್ಟು ಏಳನ್ನು ಸೇರಿಸುವಾಗ ಆಫ್ರಿಕಾನ್ಸ್ ಭಾಷೆಯೇ ಜಗಳಕ್ಕೆ ಒಂದು ಕಾರಣ ಆಯ್ತು, ಕೊನೆಗೆ ಇಂಗ್ಲಿಷ್ ಹಿಡಿದ್ರು. ಕಾಡಲ್ಲಿ ಗೆರಿಲ್ಲಾ ಆಗಿದ್ದವನಿಗೆ ಯಾವ ರ‍್ಯಾಂಕ್ ಕೊಡುದು ಅಂತ ತೀರ್ಮಾನ ಮಾಡುವಾಗ ಎರಡು ಕಡೆಯವರೂ ಮೋಸ ಅನ್ನಬಾರದು ಅಂತ ಬ್ರಿಟನಿನ ಒಂದು ಟೀಮ್ ಕೂರಿಸಿದ್ರು. ಆದ್ರೂ ಅದೇ ವರ್ಷ ಅಕ್ಟೋಬರಲ್ಲಿ ಸಾವಿರಾರು ಮಾಜಿ ಗೆರಿಲ್ಲಾಗಳು ಸಂಬಳ ಸರಿ ಇಲ್ಲ, ಮರ್ಯಾದೆ ಇಲ್ಲ ಅಂತ ಕ್ಯಾಂಪ್ ಬಿಟ್ಟು ಹೋದ್ರು, ಮಂಡೇಲಾ ವಾಪಸ್ ಬರ್ಲಿಕ್ಕೆ ಗಡುವು ಕೊಟ್ಟು, ಬಾರದವರನ್ನು ತೆಗೆದು ಹಾಕಿದ್ರು. ತನ್ನದೇ ಹೋರಾಟದ ಹುಡುಗರನ್ನು! ಪಟ್ಟಿ ತನ್ನದಲ್ಲ, ದೇಶದ್ದು ಅಂತ ತೋರಿಸ್ಲಿಕ್ಕೆ ಅಷ್ಟು ಗಟ್ಟಿ ಆಳು ಬೇಕಾಗ್ತದೆ.

ಲೆಬನಾನ್ ವಿಷಯ ಸ್ವಲ್ಪ ಉದ್ದ ಹೇಳ್ತೇನೆ, ಯಾಕಂದ್ರೆ ಒಮ್ಮೆ ಚೆಂದ ಕಟ್ಟಿದ ಸೈನ್ಯಕ್ಕೂ ಎಂತ ಗತಿ ಬರ್ಬಹುದು ಅಂತ ಅಲ್ಲಿ ಕಾಣ್ತದೆ. ಅಂತರ್ಯುದ್ಧದಲ್ಲಿ ಆ ಸೈನ್ಯ 1976ರಲ್ಲಿ ಒಮ್ಮೆ, 1984ರಲ್ಲಿ ಇನ್ನೊಮ್ಮೆ ಮತದ ಗೆರೆ ಹಿಡಿದೇ ಒಡೀತು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಗೇಡುಗಳು ಒಂದು ಪೂರ್ತಿ ಶಿಯಾ, ಒಂದು ಪೂರ್ತಿ ಕ್ರಿಶ್ಚಿಯನ್ ಆ ರೀತಿ. ಆಗ ಕಮಾಂಡರ್ ಆಗಿದ್ದ ಎಮಿಲ್ ಲಹೂದ್ ಮಾಡಿದ್ದು ಮಾವನ ಮೂರನೇ ಕಾಗದದ ಕೆಲಸ: ಒಂದು ಬ್ರಿಗೇಡಿನ ಬಟಾಲಿಯನ್ ತೆಗೆದು ಇನ್ನೊಂದು ಬ್ರಿಗೇಡಿಗೆ ಹಾಕಿದ, ಆಮೇಲೆ ಯಾವ ಯೂನಿಟನ್ನೂ ಒಂದೇ ಊರಲ್ಲಿ ತುಂಬಾ ದಿನ ಕೂರ್ಲಿಕ್ಕೆ ಬಿಡ್ಲಿಲ್ಲ, ಇವತ್ತು ಉತ್ತರ ನಾಳೆ ದಕ್ಷಿಣ. ತನ್ನ ಊರಿನ ಜಮೀನ್ದಾರ, ತನ್ನ ಊರಿನ ಪಾರ್ಟಿ ಲೀಡರ್ ಕಣ್ಣಿಂದ ದೂರ ಇದ್ರೆ ಮಾತ್ರ ಸೈನಿಕ ಸೈನಿಕ ಆಗ್ತಾನೆ. ನಮ್ಮ ಕಡೆ ಪೊಲೀಸರನ್ನು ಸಾಮಾನ್ಯವಾಗಿ ಸ್ವಂತ ಊರಿನ ಸ್ಟೇಷನ್ನಿಗೆ ಹಾಕುದಿಲ್ಲ ನೋಡಿ, ಅದೇ ಬುದ್ಧಿ. ಬೇರೆ ಮಿಲಿಷಿಯಾಗಳೆಲ್ಲ ಬಂದೂಕು ಕೆಳಗಿಟ್ಟವು, ಶಿಯಾಗಳ ಹಿಜ್ಬುಲ್ಲಾ ಮಾತ್ರ ಇಸ್ರೇಲ್ ವಿರುದ್ಧ ಹೋರಾಡ್ಬೇಕು ಅಂತ ಹೇಳಿ ಇಟ್ಟುಕೊಂಡಿತು, ಅಲ್ಲಿಂದ ಒಂದೇ ಮನೆಯಲ್ಲಿ ಎರಡು ಒಲೆ.

ಆದ್ರೂ ಜನ ನಂಬುವ ಒಂದೇ ಸರಕಾರಿ ಸಂಸ್ಥೆ ಅಂದ್ರೆ ಸೈನ್ಯ ಅಂತ ಆಗಿತ್ತು. 2019ರಲ್ಲಿ ಆ ದೇಶದ ಬ್ಯಾಂಕುಗಳು ಮುಳುಗಿದವು, ಅವರ ದುಡ್ಡಿಗೆ ಬೆಲೆ ಇಲ್ಲದ ಹಾಗೆ ಆಯ್ತು. ತಿಂಗಳಿಗೆ 800 ಡಾಲರ್ ಹತ್ರ ಬರ್ತಿದ್ದ ಸೈನಿಕನ ಸಂಬಳ 100 ಡಾಲರಿಗಿಂತ ಕೆಳಗೆ. 2020ರಲ್ಲಿ ಮೆಸ್ಸಿನ ಊಟದಿಂದ ಮಾಂಸ ತೆಗೆದ್ರು. 2021ರಲ್ಲಿ ಸೈನ್ಯ ದುಡ್ಡಿಗೋಸ್ಕರ 150 ಡಾಲರಿಗೆ 15 ನಿಮಿಷ ಟೂರಿಸ್ಟುಗಳನ್ನು ಮಿಲಿಟ್ರಿ ಹೆಲಿಕಾಪ್ಟರಲ್ಲಿ ಸುತ್ತು ಹೊಡೆಸ್ಲಿಕ್ಕೆ ಶುರು ಮಾಡಿತು, ಬೇಕಲ ಕೋಟೆ ಹತ್ರ ಬೋಟಿಂಗ್ ಮಾಡಿಸಿದ ಹಾಗೆ. ಸೈನಿಕರು ಡ್ಯೂಟಿ ಇಲ್ಲದ ದಿನ ಡೆಲಿವರಿ, ಟ್ಯಾಕ್ಸಿ, ಹೋಟೆಲ್ ಅಂತ ಎರಡನೇ ಕೆಲಸ ಹಿಡಿದ್ರು. ಕೊನೆಗೆ ಕತಾರ್ ಸಂಬಳಕ್ಕೆ ಅಂತ 6 ಕೋಟಿ ಡಾಲರ್ ಕೊಟ್ಟಿತು, 2023ರಲ್ಲಿ ಅಮೆರಿಕ ಯುಎನ್ ಮೂಲಕ ತಲೆಗೆ ತಿಂಗಳಿಗೆ 100 ಡಾಲರ್ ಕೊಡ್ಲಿಕ್ಕೆ ಹೊರಟಿತು. ಹೊರಗಿನವ ಸಂಬಳ ಕೊಡುವ ಸೈನ್ಯ ಯಾರದ್ದು ಅಂತ ಅಲ್ಲಿನವರೇ ತಮಾಷೆ ಮಾಡಿರ್ಲಿಕ್ಕೂ ಸಾಕು.

ಈಗ ಇಂಥ ಸೈನ್ಯಕ್ಕೆ 2025 ಆಗಸ್ಟ್ 5ಕ್ಕೆ ಲೆಬನಾನ್ ಕ್ಯಾಬಿನೆಟ್ ಒಂದು ಕೆಲಸ ಕೊಟ್ಟಿತು, ವರ್ಷದ ಕೊನೆಗೆ ದೇಶದ ಎಲ್ಲ ಆಯುಧ ಸರಕಾರದ ಕೈಗೆ ಬರುವ ಹಾಗೆ ಪ್ಲಾನ್ ಮಾಡಿ ಅಂತ, ಅಂದ್ರೆ ಹಿಜ್ಬುಲ್ಲಾ ಹತ್ರ ಬಂದೂಕು ಕೇಳಿ ಅಂತ. ಅಧ್ಯಕ್ಷ ಜೋಸೆಫ್ ಔನ್ ಸ್ವತಃ ಮಾಜಿ ಸೇನಾ ಮುಖ್ಯಸ್ಥ, ಅವರಿಗೆ ಗೊತ್ತುಂಟು ತನ್ನ ಸೈನಿಕರಲ್ಲಿ ಶಿಯಾ ಹುಡುಗರು ಎಷ್ಟು ಅಂತ. ಜೋರಾಗಿ ಹೋದ್ರೆ 1984 ಪುನಃ ಆಗ್ಬಹುದು, ಮೆಲ್ಲ ಹೋದ್ರೆ ಅಮೆರಿಕ, ಇಸ್ರೇಲ್ ಬೊಬ್ಬೆ ಹೊಡೀತಾರೆ. ಸೇನಾ ಮುಖ್ಯಸ್ಥ ರೊಡಾಲ್ಫ್ ಹೈಕಲ್ ದಕ್ಷಿಣದಿಂದ ಶುರು ಮಾಡಿ ಹಂತ ಹಂತವಾಗಿ ಅಂತ ಪ್ಲಾನ್ ಕೊಟ್ಟದ್ದು ಅದಕ್ಕೇ. ಹೊರಗಿನವರು ಅದನ್ನು ಹೆದರಿಕೆ ಅಂತಾರೆ. ನಂಗೆ ಅದು ಸೈನ್ಯ ಒಡೆಯದ ಹಾಗೆ ನೋಡಿಕೊಳ್ಳುವ ಲೆಕ್ಕ ಅನ್ನಿಸ್ತದೆ, ಆದ್ರೆ ಆ ಲೆಕ್ಕದಲ್ಲಿ ಸಮಯವೂ ಒಂದು ಖರ್ಚು, ಅದು ಅವರ ಹತ್ರ ಕಡಿಮೆ.

ಲಿಬಿಯಾದ್ದು ಇದರ ಉಲ್ಟಾ, ದುಡ್ಡು ಜಾಸ್ತಿ ಆಗಿ ಹಾಳಾದ ಕಥೆ. 2011ರಲ್ಲಿ ಗದ್ದಾಫಿ ಹೋದ ಮೇಲೆ ಕ್ರಾಂತಿಯಲ್ಲಿ ಹೋರಾಡಿದವರು ಹೆಸರು ಬರೆಸಿ, ಸಂಬಳ ತಗೊಳ್ಳಿ ಅಂದ್ರು. ಹೋರಾಡಿದವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಹೆಸರು ಬಂತು. ಬಂದೂಕು ಕೆಳಗಿಟ್ಟರೆ ಮಾತ್ರ ಸಂಬಳ ಅಂತ ಹೇಳುವ ಬದಲು ಬಂದೂಕು ಇದ್ದವನಿಗೆ ಸಂಬಳ ಅಂತ ಆದಾಗ ಯಾರು ಬಿಡ್ತಾರೆ? ಎಣ್ಣೆ ದುಡ್ಡು ಬರುದು ಒಂದೇ ಸೆಂಟ್ರಲ್ ಬ್ಯಾಂಕಿಗೆ, ಅಲ್ಲಿಂದ ಪೂರ್ವದ ಸೇನಾಧಿಪತಿ ಹಫ್ತರ್ ಕಡೆಯವರಿಗೂ ಪಶ್ಚಿಮದ ಟ್ರಿಪೋಲಿ ಕಡೆಯವರಿಗೂ ಸಂಬಳ. ಒಂದೇ ಪೇಟಿಯಿಂದ ದುಡ್ಡು ತೆಗೆದು ಎರಡು ಮೇಳಕ್ಕೂ ಕೊಟ್ಟು ಜೋಡಾಟ ಆಡಿಸಿದ ಹಾಗೆ. ಎರಡು ಕಡೆಯ ಐದೈದು ಆಫೀಸರುಗಳ ಕಮಿಟಿ ಕೂತು ಮಾತಾಡಿ 2020 ಅಕ್ಟೋಬರಲ್ಲಿ ಕದನವಿರಾಮ ಮಾಡಿತು, ದೊಡ್ಡ ಯುದ್ಧ ನಿಂತದ್ದು ನಿಜ, ಸೈನ್ಯ ಒಂದಾಗ್ಲಿಲ್ಲ.

ನೇಪಾಳ ಮಾತ್ರ ಬೇರೆಯೇ. ಅಲ್ಲಿ ಅಂತರ್ಯುದ್ಧ ನಿಂತ ಮೇಲೆ ಯುಎನ್‌ನವರು 19,602 ಮಾವೋವಾದಿ ಹೋರಾಟಗಾರರನ್ನು ಲೆಕ್ಕ ಮಾಡಿ ಕ್ಯಾಂಪಲ್ಲಿಟ್ಟರು, ಬಂದೂಕು ಎಲ್ಲ ಕಂಟೈನರಲ್ಲಿ ಹಾಕಿ ಬೀಗ, ಕೀ ಮಾತ್ರ ಮಾವೋವಾದಿಗಳ ಕೈಯಲ್ಲೇ, ಹೊರಗೆ ಯುಎನ್‌ನ ಅಲಾರ್ಮ್ ಕ್ಯಾಮೆರಾ. ನಂಬಿಕೆ ಇಲ್ಲದವರ ನಡುವೆ ಹೀಗೆ ಒಂದು ಉಪಾಯ, ನಂಗೆ ಭಾರೀ ಇಷ್ಟ ಆಯ್ತು. 6,500 ಜನರನ್ನು ಸೈನ್ಯಕ್ಕೆ ತಗೊಳ್ಬಹುದು ಅಂತ 2011ರಲ್ಲಿ ಒಪ್ಪಂದ ಆಯ್ತು, ಕೊನೆಗೆ ಹೋದದ್ದು ಸುಮಾರು 1,400 ಜನ. ಉಳಿದವರಲ್ಲಿ ಹೆಚ್ಚಿನವರು ಐದರಿಂದ ಎಂಟು ಲಕ್ಷ ನೇಪಾಳಿ ರೂಪಾಯಿ ತಗೊಂಡು ಮನೆಗೆ. ಹೆಚ್ಚಿನವರಿಗೆ ಸೈನ್ಯ ಬೇಕಾಗಿರ್ಲಿಲ್ಲ, ಒಂದು ಮರ್ಯಾದೆಯ ದಾರಿ ಬೇಕಿತ್ತು. ಅದರಲ್ಲಿ ಎಷ್ಟು ಜನ ಮುಂದೆ ಗಲ್ಫಿಗೆ ಬಂದು ನಮ್ಮ ಹುಡುಗರ ಜೊತೆ ಒಂದೇ ರೂಮಲ್ಲಿ ಇದ್ದಾರೋ.

ಹೀಗೆ ಒಡಕು ಇರುವ ಸೈನ್ಯಕ್ಕೆ ಯುದ್ಧ ಮಾಡ್ಲಿಕ್ಕೆ ಯಾಕಾಗುದಿಲ್ಲ ಅನ್ನುದಕ್ಕೆ ಇನ್ನೊಂದು ಕಾರಣ ಉಂಟು, ಅದನ್ನು ಹೇಳುವವರು ಕಡಿಮೆ. ಸರಿಯಾದ ಸೈನ್ಯದಲ್ಲಿ ಬ್ರಿಗೇಡಿಯರಿಗೆ ಜನ ಅಂದ್ರೆ ಕೆಲಸಕ್ಕೆ ಕೊಟ್ಟ ಸಾಮಾನು, ಕೇಳ್ಲಿಕ್ಕೆ ಕಠಿಣ ಆದ್ರೂ ಹಾಗೇ, ಗೆಲ್ಲಿಕ್ಕೆ ಬೇಕಾದ್ರೆ ಖರ್ಚು ಮಾಡ್ಬೇಕು, ಖರ್ಚಾದ್ರೆ ಹೆಡ್‌ಕ್ವಾರ್ಟರ್ ಪುನಃ ತುಂಬಿಸಿ ಕೊಡ್ತದೆ. ಒಡೆದ ದೇಶದ ಕಮಾಂಡರಿಗೆ ಅವನ ಬಟಾಲಿಯನ್ನೇ ಬಂಡವಾಳ. ಅದು ಇದ್ರೆ ಮಂತ್ರಿ ಫೋನ್ ಎತ್ತುತಾನೆ, ಕ್ಯಾಬಿನೆಟಲ್ಲಿ ಸೀಟು, ಚೆಕ್‌ಪೋಸ್ಟಿನ ವಸೂಲಿ. ಬಟಾಲಿಯನ್ ಯುದ್ಧದಲ್ಲಿ ಕರಗಿದ್ರೆ ಅವ ಯಾರೂ ಅಲ್ಲ. ಹಾಗಾಗಿ ಅವ ಮುಂದೆ ಹೋಗುದಿಲ್ಲ, ಪಕ್ಕದವ ಹೋಗ್ಲಿ ಅಂತ ಕಾಯ್ತಾನೆ, ಪಕ್ಕದವನೂ ಹಾಗೇ ಕಾಯ್ತಾನೆ. ಯೆಮೆನಲ್ಲಿ 2022ರಲ್ಲಿ ಎಂಟು ಜನರ ಒಂದು ಅಧ್ಯಕ್ಷೀಯ ಕೌನ್ಸಿಲ್ ಮಾಡಿ ಉತ್ತರ ಹಿಡಿದ ಬಂಡುಕೋರ ಹೂತಿಗಳ ಎದುರಿನ ಪಡೆಗಳ ಲೀಡರುಗಳನ್ನು ಒಂದೇ ಬೆಂಚಲ್ಲಿ ಕೂರಿಸಿದ್ರು, ಹೂತಿಗಳ ಮೇಲೆ ಹೋಗುದು ಬಿಡಿ, 2025 ಡಿಸೆಂಬರಲ್ಲಿ ಅದೇ ಕೌನ್ಸಿಲಲ್ಲಿದ್ದ ದಕ್ಷಿಣದವರ ಪಡೆ ಅದೇ ಸರಕಾರದ ಕೈಯಲ್ಲಿದ್ದ ಹದ್ರಮೌತ್ ಪ್ರಾಂತ್ಯಕ್ಕೆ ನುಗ್ಗಿತು.

ಇದರಿಂದ ತಪ್ಪಿಸಿಕೊಳ್ಲಿಕ್ಕೆ ಇರಾಕ್ ಒಂದು ಉಪಾಯ ಮಾಡಿತ್ತು, ಎಲ್ಲ ಮತದಿಂದ ಆರಿಸಿ ತೆಗೆದ ಸಣ್ಣ ಒಂದು ಪಡೆ, ಸಿಟಿಎಸ್ ಅಂತ, ಉಗ್ರರ ವಿರುದ್ಧದ ಕಮಾಂಡೋಗಳು, ಪೋಸ್ಟಿಂಗು ಟ್ರೈನಿಂಗು ಎಲ್ಲ ಬೇರೆ. ಮೊಸುಲನ್ನು 2017ರಲ್ಲಿ ವಾಪಸ್ ತಗೊಳ್ಳುವಾಗ ಮುಂದೆ ನಿಂತದ್ದು ಅವರೇ. ಆದ್ರೆ ಕಮಾಂಡೋ ಕೆಲಸಕ್ಕೆ ಮಾಡಿದವರನ್ನು ಗಲ್ಲಿಗಲ್ಲಿಯಲ್ಲಿ ಇನ್‌ಫಾಂಟ್ರಿ ಹಾಗೆ ಹೋರಾಡಿಸಿ ಆ ಪಡೆ ತುಂಬಾ ಸವೆದು ಹೋಯ್ತು, ಇನ್ನೊಂದು ಕಡೆ ಐಸಿಸ್ ವಿರುದ್ಧ ಎದ್ದ ಮಿಲಿಷಿಯಾಗಳಿಗೆ 2016ರಲ್ಲಿ ಕಾನೂನು ಮಾಡಿ ಸರಕಾರಿ ಸಂಬಳ ಕೊಟ್ರು, ಹೆಸರಿನ ಪಟ್ಟಿ ಮತ್ತು ಪೋಸ್ಟಿಂಗ್ ಮಾತ್ರ ಅವರವರ ಲೀಡರ್ ಕೈಯಲ್ಲೇ. ಮೂರು ಕಾಗದದಲ್ಲಿ ಒಂದು ಮಾತ್ರ ಸರಕಾರಕ್ಕೆ ಸಿಕ್ಕಿದ್ದು, ಅದೂ ಖರ್ಚಿನ ಕಾಗದ.

ಶಾರ್ಜಾದ ಹುಡುಗನಿಗೆ ಮೊನ್ನೆ ವಾಟ್ಸಾಪಲ್ಲಿ ಕೇಳಿದೆ, ನಿನ್ನ ಕಿಚನಿನವನ ತಮ್ಮಂದು ಎಂತಾಯ್ತು ಅಂತ. ಹೆಸರು ಬಂತಂತೆ. ಸಂಬಳ ಒಂದು ತಿಂಗಳು ಬಂದು ಒಂದು ತಿಂಗಳು ಲೇಟಂತೆ. ಪೋಸ್ಟಿಂಗ್ ಎಲ್ಲಿ ಕೇಳಿದ್ದಕ್ಕೆ, "ಊರಲ್ಲೇ ಅಣ್ಣ, ಅವನ ಹಳೇ ಕಮಾಂಡರ್ ಜೊತೆಯೇ" ಅಂದ.